ಹಗೇವಿನ ಬಾಯಿ ಯಾರ ಕೈಯಲ್ಲಿ? ಬಳ್ಳಾರಿ ಸೀಮೆಯ ಬರ, ಕ್ರೈಸ್ತ ನಂಬಿಕೆ ಮತ್ತು ಸ್ವಾವಲಂಬನೆ

ಸಾರಾಂಶ

ಆಪತ್ಕಾಲಕ್ಕೆ ಮೊದಲೇ ಸಿದ್ಧವಾಗಿರಬೇಕೆಂಬ ಕ್ರೈಸ್ತ ಬೋಧನೆಯನ್ನು ಬಳ್ಳಾರಿ ಸೀಮೆಯ ಬರಗಾಲದ ಚರಿತ್ರೆಯ ಜೊತೆಗಿಟ್ಟು ಓದುವ ಪ್ರಯತ್ನ ಈ ಲೇಖನ. ಕಾಳು ಕೂಡಿಡುವುದು ಒಂದು ಕುಟುಂಬದ ಜಾಣ್ಮೆ ಎಂದಷ್ಟೇ ತಿಳಿದರೆ ಬೈಬಲ್ಲಿನ ಕಥನವೂ ಇಲ್ಲಿನ ಅನುಭವವೂ ಎರಡೂ ತಪ್ಪಾಗಿ ಅರ್ಥವಾಗುತ್ತವೆ. ಕಣಜ ಯಾರದು, ಅದನ್ನು ತೆರೆಯುವವರು ಯಾರು, ಕೊಟ್ಟ ಕಾಳು ಯಾವ ಕರಾರಿನ ಮೇಲೆ ಹಿಂದಿರುಗಬೇಕು ಎಂಬ ಮೂರು ಪ್ರಶ್ನೆಗಳ ಮೇಲೆಯೇ ಸ್ವಾವಲಂಬನೆ ನಿಂತಿದೆ ಎಂಬುದು ಇಲ್ಲಿನ ವಾದ.

1. ಪ್ರಸ್ತಾವನೆ

ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯ ಸುತ್ತಿನ ಸೀಮೆಯಿಂದ ಸಿರುಗುಪ್ಪದ ಕಡೆಗೆ ಹೋದಂತೆ ಇಂದು ಕಣ್ಣಿಗೆ ಬೀಳುವುದು ಭತ್ತ, ಮೆಣಸಿನಕಾಯಿ, ಹತ್ತಿ. ತುಂಗಭದ್ರಾ ಅಣೆಕಟ್ಟು ಸಿದ್ಧವಾದದ್ದು 1953ರಲ್ಲಿ. ಅದೇ ವರ್ಷ ಬಳ್ಳಾರಿ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಮೊದಲು ಹೊಳೆಯ ದಂಡೆ, ಕೆರೆಯ ಹಿಂದಿನ ನೆಲ ಬಿಟ್ಟರೆ ಉಳಿದದ್ದೆಲ್ಲ ಮಳೆಯನ್ನೇ ನಂಬಿದ ಎರೆ ಭೂಮಿ. ಹಿಂಗಾರಿ ಜೋಳ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಮಾತ್ರವೇ 1854, 1866, 1876–78, 1891–92, 1896–97ರಲ್ಲಿ ಜಿಲ್ಲೆ ಬರಕ್ಕೆ ಸಿಕ್ಕಿತು.

ಕನ್ನಡ ಬೈಬಲ್ಲಿನ ಚರಿತ್ರೆಯೂ ಇದೇ ನೆಲಕ್ಕೆ ಸೇರಿದ್ದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ನಿಘಂಟುಕಾರ ವಿಲಿಯಂ ರೀವ್ ಅವರೂ ದುಡಿದ ಭಾಷಾಂತರ 1831ರ ಹೊತ್ತಿಗೆ ಪೂರ್ಣ ಬೈಬಲ್ಲಾಗಿ ಹೊರಬಂತು. ಹಾಗಾಗಿ ಯೋಸೇಫನ ಕಣಜದ ಕಥೆಯನ್ನು ಅಚ್ಚಿನ ಕನ್ನಡದಲ್ಲಿ ಮೊದಲು ಓದಿದವರಲ್ಲಿ, ಜೋಳವನ್ನು ನೆಲದೊಳಗೆ ಹೂತಿಟ್ಟು ಬರಗಾಲ ದಾಟುತ್ತಿದ್ದ ಈ ಸೀಮೆಯವರೂ ಇದ್ದರು.

ಅಮೆರಿಕದಲ್ಲಿ ಕ್ರೈಸ್ತ ನಂಬಿಕೆಯ ಹೆಸರಿನಲ್ಲಿ ನಡೆಯುವ ಸಿದ್ಧತೆಯ ಚರ್ಚೆ ಹೆಚ್ಚಾಗಿ ಒಂದು ಮನೆಯ ಸುತ್ತ ತಿರುಗುತ್ತದೆ: ವರ್ಷಕ್ಕಾಗುವಷ್ಟು ದವಸ, ಸ್ವಂತ ಬಾವಿ, ಸ್ವಂತ ತೋಟ. ಮಾರ್ಮನ್ ಸಭೆಯವರು 1936ರಲ್ಲಿ ಆರಂಭಿಸಿದ ಕಲ್ಯಾಣ ಯೋಜನೆಯಲ್ಲಿ ಸಾಮೂಹಿಕ ಉಗ್ರಾಣಗಳಿದ್ದರೂ ಜನಮನದಲ್ಲಿ ಉಳಿದದ್ದು ಮನೆಯ ನೆಲಮಾಳಿಗೆಯೇ. ಹೊಲವೇ ಇಲ್ಲದ ಕೂಲಿಯ ಮನೆಗೆ ಈ ಮಾದರಿಯಲ್ಲಿ ಜಾಗವಿಲ್ಲ. ಕರ್ನಾಟಕದ ಬಯಲುಸೀಮೆಯ ಕ್ರೈಸ್ತ ಸಭೆಗಳಲ್ಲಿ ಬಹುಪಾಲು ಇದ್ದವರು ಅಂಥ ಮನೆಯವರೇ.

2. ಗ್ರಂಥದೊಳಗಿನ ಎರಡು ದನಿ

ಸಿದ್ಧತೆಯ ಪರವಾಗಿ ಎತ್ತಿಹಿಡಿಯುವ ಮೊದಲ ಆಧಾರ ಆದಿಕಾಂಡದ 41ನೆಯ ಅಧ್ಯಾಯ. ಏಳು ವರ್ಷದ ಸಮೃದ್ಧಿಯಲ್ಲಿ ಬೆಳೆಯ ಐದರಲ್ಲೊಂದು ಪಾಲನ್ನು ಯೋಸೇಫ ಕೂಡಿಡಿಸುತ್ತಾನೆ. ಮುಂದಿನ ಏಳು ವರ್ಷದ ಬರದಲ್ಲಿ ಐಗುಪ್ತ ಬದುಕುತ್ತದೆ. ಉಪದೇಶಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. 47ನೆಯ ಅಧ್ಯಾಯವನ್ನೂ ಸೇರಿಸಿ ಓದಿದರೆ ಚಿತ್ರ ಬೇರೆ. ಹಸಿದ ಜನ ಮೊದಲು ಹಣ ಕೊಟ್ಟು ಕಾಳು ಕೊಳ್ಳುತ್ತಾರೆ, ಹಣ ತೀರಿದ ಮೇಲೆ ದನಕರು ಕೊಡುತ್ತಾರೆ, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸುತ್ತಾರೆ. ಪುರೋಹಿತರ ಭೂಮಿಯೊಂದು ಮಾತ್ರ ಅವರ ಕೈಯಲ್ಲೇ ಉಳಿಯುತ್ತದೆ. ಕಣಜ ಜೀವ ಉಳಿಸಿತು, ಒಕ್ಕಲುತನವನ್ನು ಕಿತ್ತುಕೊಂಡಿತು. ಈ ಎರಡೂ ಸಂಗತಿ ಒಂದೇ ಕಥೆಯವು.

ಎದುರು ದನಿಯೂ ಅಷ್ಟೇ ಗಟ್ಟಿ. ವಿಮೋಚನಕಾಂಡ 16ರಲ್ಲಿ ಮರುದಿನಕ್ಕೆಂದು ಎತ್ತಿಟ್ಟ ಮನ್ನ ಹುಳ ಬಿದ್ದು ನಾರುತ್ತದೆ. ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿದ್ದು ಮಾತ್ರ ಕೆಡುವುದಿಲ್ಲ. ಲೂಕ 12ರ ಸಾಹುಕಾರ ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಿಸಲು ಹೊರಟು ಅದೇ ರಾತ್ರಿ ಸಾಯುತ್ತಾನೆ. ಗಮನಿಸಬೇಕಾದದ್ದು, ಆ ಸಾಮತಿಯಲ್ಲಿ ಅವನು ಮಾತಾಡುವುದೆಲ್ಲ ತನ್ನೊಂದಿಗೆ ತಾನೇ. ಬಿತ್ತಿದವರು, ಕೊಯ್ದವರು ಅವನ ಲೆಕ್ಕದಲ್ಲಿ ಬರುವುದೇ ಇಲ್ಲ. ನಾಳಿನ ಚಿಂತೆ ಬೇಡವೆನ್ನುವ ಮತ್ತಾಯ 6ನ್ನೂ ಇರುವೆಯನ್ನು ನೋಡಿ ಕಲಿಯೆನ್ನುವ ಜ್ಞಾನೋಕ್ತಿ 6ನ್ನೂ ಒಂದಕ್ಕೊಂದು ಎದುರಾಗಿ ನಿಲ್ಲಿಸುವ ವಾದ ಹಳೆಯದು. ಕೂಡಿಡುವುದು ಸರಿಯೋ ತಪ್ಪೋ ಎಂದು ಕೇಳುವವರೆಗೆ ಅದು ಬಗೆಹರಿಯುವುದಿಲ್ಲ. ಯಾರಿಗಾಗಿ ಕೂಡಿಟ್ಟದ್ದು ಎಂದು ಕೇಳಿದಾಗ ಈ ಭಾಗಗಳೆಲ್ಲ ಒಂದು ಸಾಲಿಗೆ ಬರುತ್ತವೆ.

ಅಪೊಸ್ತಲರ ಕೃತ್ಯಗಳು 11ರಲ್ಲಿ ಅಗಬನೆಂಬ ಪ್ರವಾದಿ ಬರ ಬರಲಿದೆಯೆಂದು ಮುನ್ಸೂಚನೆ ಕೊಡುತ್ತಾನೆ. ಅಂತಿಯೋಕ್ಯದ ಸಭೆಯವರು ಅದನ್ನು ಕೇಳಿ ತಮ್ಮ ತಮ್ಮ ಮನೆಯ ಗಡಿಗೆ ತುಂಬಿಸಿಕೊಳ್ಳಲು ಹೋಗಲಿಲ್ಲ. ಪ್ರತಿಯೊಬ್ಬರೂ ಶಕ್ತ್ಯಾನುಸಾರ ಕೊಟ್ಟು ಯೂದಾಯದ ಸಹೋದರರಿಗೆ ಕಳಿಸಿದರು. ಹೊಸ ಒಡಂಬಡಿಕೆಯಲ್ಲಿ ಬರದ ಮುನ್ಸೂಚನೆಗೆ ಸಭೆಯೊಂದು ಕೊಟ್ಟ ಉತ್ತರ ಇದು. ಯಾಜಕಕಾಂಡ 19 ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ವಿಧಿಸುತ್ತದೆ. ಹಕ್ಕಲಾಯುವುದು ಈ ಸೀಮೆಯ ಹೆಣ್ಣುಮಕ್ಕಳಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

3. ಹಗೇವು: ಒಂದು ತಂತ್ರ, ಅದರ ಕಟ್ಟುಪಾಡು

ಎರೆ ಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದದ್ದು ಹಗೇವು. ನೀರು ನಿಲ್ಲದ ಎತ್ತರದ ಗಟ್ಟಿ ನೆಲ ನೋಡಿ, ಒಬ್ಬ ಆಳು ಇಳಿಯುವಷ್ಟು ಕಿರಿದಾದ ಬಾಯಿ ಬಿಟ್ಟು, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲವಾಗಿ ತೋಡುತ್ತಿದ್ದರು. ತಳಕ್ಕೂ ಸುತ್ತಲಿನ ಗೋಡೆಗೂ ಒಣ ಸೊಪ್ಪೆ, ಹುಲ್ಲು ಒತ್ತಾಗಿ ಜೋಡಿಸಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳವೂ ಉಸಿರಾಡಿ ಇದ್ದ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳ ಸಾಯುತ್ತದೆ. ಕಾಳು ಉಳಿಯುವುದಕ್ಕೆ ಕಾರಣ ಇದು. ಹಗೇವು ತೆರೆದ ಕೂಡಲೇ ಒಳಗಿಳಿದವರು ಉಸಿರುಗಟ್ಟಿ ಸಾಯುವುದಕ್ಕೂ ಕಾರಣ ಇದೇ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಗೋಡೆಗೆ ತಾಗಿದ ಕಾಳು ಬಣ್ಣಗೆಟ್ಟು ಮುಗ್ಗಲು ವಾಸನೆ ಹಿಡಿಯುತ್ತಿತ್ತು. ನಡುವಿನದು ರೊಟ್ಟಿಗೆ ಬರುತ್ತಿತ್ತು.

ಈ ಲೇಖನಕ್ಕೆ ಮುಖ್ಯವಾದದ್ದು ಇನ್ನೊಂದು ಗುಣ. ಒಮ್ಮೆ ತೆರೆದ ಹಗೇವನ್ನು ಬೇಗ ಬರಿದು ಮಾಡಬೇಕು. ಗಾಳಿ, ತೇವ ಹೊಕ್ಕ ಮೇಲೆ ಉಳಿದ ಕಾಳು ಕೆಡುತ್ತದೆ. ದಿನಕ್ಕೊಂದು ಸೇರು ತೆಗೆದು ಒಂದೇ ಮನೆ ಉಣ್ಣುವುದಕ್ಕೆ ಈ ತಂತ್ರ ಒಗ್ಗದು. ತೆರೆದ ದಿನ ಹತ್ತು ಮನೆಗೆ ಕಾಳು ಹೋಗಲೇಬೇಕು. ಆದರೆ ಅದು ಹೋಗುತ್ತಿದ್ದ ಬಗೆ ಹಗೇವಿನ ಒಡೆಯನ ಕೈಯಲ್ಲಿತ್ತು. ಕೆಲವೊಮ್ಮೆ ಕೂಲಿಗೆ, ಕೆಲವೊಮ್ಮೆ ಕಡವಾಗಿ, ಬಹಳ ಸಲ ಸುಗ್ಗಿಗೆ ಕಾಲು ಪಾಲೋ ಅರ್ಧ ಪಾಲೋ ಹೆಚ್ಚಿಗೆ ಅಳೆದುಕೊಡುವ ಕರಾರಿನ ಮೇಲೆ. ಹಂಚಬೇಕೆಂಬ ಒತ್ತಡವನ್ನು ತಂತ್ರವೇ ತಂದಿತ್ತು. ಹಂಚಿಕೆ ನ್ಯಾಯವಾಗಿರಬೇಕೆಂಬ ಒತ್ತಡ ಅದರಿಂದ ಹುಟ್ಟುವಂಥದ್ದಲ್ಲ.

4. 1876–78: ಕಾಳಿತ್ತು, ಕೂಲಿಯಿರಲಿಲ್ಲ

ಧಾತು ಸಂವತ್ಸರದ ಬರ ಎಂದು ಜನ ನೆನೆಯುವ 1876–78ರ ಕ್ಷಾಮಕ್ಕಿಂತ ಮೊದಲೇ, 1871ರಲ್ಲಿ, ಬಳ್ಳಾರಿಗೆ ರೈಲು ಬಂದಿತ್ತು. ಹೊರಗಿನ ಧಾನ್ಯ ಊರ ಬಾಗಿಲಿಗೆ ಬರಲು ದಾರಿಯಿತ್ತು. ಹಾಗಿದ್ದೂ 1871ರಲ್ಲಿ ಒಂಬತ್ತು ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ ಏಳೂಕಾಲು ಲಕ್ಷದ ಆಸುಪಾಸಿಗೆ ಇಳಿಯಿತು. ಸುಮಾರು ಐದರಲ್ಲಿ ಒಬ್ಬರಂತೆ ಲೆಕ್ಕದಿಂದ ಅಳಿದರು. ಪರಿಹಾರ ಕಾಮಗಾರಿಯ ಆಳಿನ ದಿನದ ಧಾನ್ಯವನ್ನು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ಒಂದೂವರೆ ಪೌಂಡಿನಿಂದ ಒಂದು ಪೌಂಡಿಗೆ ಇಳಿಸಿದರು. ಅಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಮದ್ರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ವಿರೋಧಿಸಿದರು. 1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗವೂ ಬರದ ಮೊದಲ ಪೆಟ್ಟು ಕೂಲಿಯ ಮೇಲೆ ಬೀಳುತ್ತದೆ ಎಂಬುದನ್ನು ಒಪ್ಪಿತು. ನೂರು ವರ್ಷದ ನಂತರ, 1981ರಲ್ಲಿ, ಅಮರ್ತ್ಯ ಸೇನ್ ಕ್ಷಾಮವನ್ನು ಆಹಾರದ ಅಭಾವಕ್ಕಿಂತ ಆಹಾರದ ಮೇಲಿನ ಹಕ್ಕಿನ ಅಭಾವವಾಗಿ ವಿವರಿಸಿದರು. ಆದಿಕಾಂಡ 47ರ ಐಗುಪ್ತದವರು ಆ ಹಕ್ಕನ್ನು ಕಳೆದುಕೊಂಡ ಕ್ರಮವೂ ಇಲ್ಲಿನ ಕೂಲಿಕಾರರು ಕಳೆದುಕೊಂಡ ಕ್ರಮವೂ ಹತ್ತಿರದವು: ಕಾಸು, ದನ, ಹೊಲ, ಕೊನೆಗೆ ಊರು.

5. ಮಿಷನ್ನುಗಳ ಉತ್ತರ: ಕೆಲಸ, ಕಸುಬು, ನೆಲ

ಇಂಥ ಅಭದ್ರತೆಗೆ, ಈ ಬರಕ್ಕೂ ಮೊದಲೂ ಆಮೇಲೂ, ಕ್ರೈಸ್ತ ಸಂಸ್ಥೆಗಳು ಕೊಟ್ಟ ಉತ್ತರದಲ್ಲಿ ಮೂರು ಮಾದರಿಗಳನ್ನು ಗುರುತಿಸಬಹುದು.

ಮೊದಲನೆಯದು ಕೆಲಸ. ಇದೇ ಮದ್ರಾಸ್ ಆಧಿಪತ್ಯದ ಒಂಗೋಲಿನಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ತುಂಡನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಗಂಜಿಯ ಆಸೆಗೆ ಯಾರೂ ಸಭೆ ಸೇರಬಾರದೆಂದು ಬರ ಮುಗಿಯುವವರೆಗೆ ದೀಕ್ಷಾಸ್ನಾನವನ್ನು ತಡೆಹಿಡಿದರು. 1878ರ ಜುಲೈ 3ರ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದದ್ದು ಆಮೇಲಿನ ಮಾತು. ಸಹಾಯವನ್ನೂ ನಂಬಿಕೆಯನ್ನೂ ಬೇರೆ ಬೇರೆ ಇಡಲು ಮಾಡಿದ ಆ ಯತ್ನ ಎಷ್ಟು ಗೆದ್ದಿತೆಂಬುದು ಚರ್ಚೆಯ ವಿಷಯ. ಅದು ಬೇಕೆಂದು ಕಂಡದ್ದು ಮಾತ್ರ ಗಣನೀಯ.

ಎರಡನೆಯದು ಕಸುಬು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮತಾಂತರದಿಂದ ಕುಲಕಸುಬನ್ನೂ ಮನೆಯನ್ನೂ ಕಳೆದುಕೊಂಡವರಿಗೆ ನೇಯ್ಗೆ ಕಲಿಸಿತು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಕೈಗೆ ಕಸುಬು ಬಂತು, ಮಳೆಗೆ ಕಾಯದ ಸಂಬಳ ಬಂತು. ಮಗ್ಗ, ಭಟ್ಟಿ, ಲಾಭ ಮಾತ್ರ ಮಿಷನ್ನಿನ ವ್ಯಾಪಾರ ಸಂಸ್ಥೆಯವೇ ಆಗಿ ಉಳಿದವು. 1914ರಲ್ಲಿ ಯುದ್ಧ ಹತ್ತಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು. ಆಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆ ಕೈಬದಲಾವಣೆಯಲ್ಲಿ ದುಡಿಯುವವರ ಮಾತಿಗೆ ಜಾಗವಿರಲಿಲ್ಲ. ಕುಶಲತೆ ಅವರದಾಗಿತ್ತು, ಆಸ್ತಿ ಅವರದಾಗಿರಲಿಲ್ಲ.

ಮೂರನೆಯದು ನೆಲ. ಬಾಸೆಲ್ ಮಿಷನ್ 1840ರ ದಶಕದ ಆರಂಭದಲ್ಲಿ ಗದಗಿನ ಬಳಿಯ ಮಲಸಮುದ್ರದಲ್ಲಿ ಕಟ್ಟಿದ ಕೃಷಿ ವಸಾಹತು ಬಹುಕಾಲ ಬಾಳಲಿಲ್ಲ. 1876–78ರ ಬರದ ನಂತರ ಮೈಸೂರು ಸಂಸ್ಥಾನದಲ್ಲಿ ಕ್ಯಾಥೊಲಿಕ್ ಮಿಷನ್ ಸರ್ಕಾರ ಕೊಟ್ಟ ಭೂಮಿಯಲ್ಲಿ ಬರದ ಅನಾಥರನ್ನು ನೆಲೆಗೊಳಿಸಿದ ನೆಲಮಂಗಲ ಕಡೆಯ ಸಿಲುವೆಪುರ, ಕನಕಪುರ ಕಡೆಯ ಮರಿಯಾಪುರ ಇಂದಿಗೂ ಊರುಗಳಾಗಿಯೇ ಇವೆ. ಅನಾಥಾಲಯದ ಮಕ್ಕಳು ಬೆಳೆದು, ಮದುವೆಯಾಗಿ, ಉತ್ತು ಬಿತ್ತಿ ಒಕ್ಕಲಾದದ್ದು ಇದರ ಹಿಂದಿನ ಸತ್ಯ. ಕಾರ್ಖಾನೆ ಕೈಬದಲಾದಾಗ ಕೆಲಸಗಾರ ಹೊಸ ಧಣಿಗೆ ಸಲಾಮು ಹೊಡೆಯಬೇಕಾಯಿತು. ಊರಾಗಿ ನೆಲೆ ನಿಂತವರಿಗೆ ಹೊಲದ ಜೊತೆ ನೆರೆಹೊರೆಯೂ ದಕ್ಕಿತು.

6. ಕಾಲುವೆಯ ಕಾಲದ ಆಪತ್ತು

ಕಾಲುವೆ ಬಂದ ಮೇಲೆ ಕುರುಗೋಡು–ಸಿರುಗುಪ್ಪ ಸೀಮೆಯಲ್ಲಿ ಹಸಿವಿನ ಹೆದರಿಕೆ ದೂರವಾಯಿತು, ಜೊತೆಗೆ ಹಗೇವೂ ಹೋಯಿತು. ಜೋಳ ಹಿಂದೆ ಸರಿದು ಭತ್ತ ಬಂತು. ಭತ್ತ ಗದ್ದೆಯಿಂದ ನೇರವಾಗಿ ಮಿಲ್ಲಿಗೆ, ಮನೆಯ ಅಕ್ಕಿ ನ್ಯಾಯಬೆಲೆ ಅಂಗಡಿಯಿಂದ. ಕೊಯ್ಲಿಗೆ ಯಂತ್ರ ಇಳಿದು ಕೂಲಿಯ ದಿನಗಳೂ ಹಕ್ಕಲೂ ಕಡಿಮೆಯಾದವು. ಹಿಂದಿನ ಅಭದ್ರತೆ ಮಳೆಯದಾಗಿತ್ತು, ಈಗಿನದು ಒಂದೇ ಜಲಾಶಯವನ್ನು ನಂಬಿದ್ದರದು. 2009ರ ನೆರೆಯಲ್ಲಿ ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಊರುಗಳು ಮುಳುಗಿದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಕ್ರಸ್ಟ್ ಗೇಟ್ ಸರಪಳಿ ಕಡಿದು ಕೊಚ್ಚಿಹೋದಾಗ ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾಯಿತು. ತಾತ್ಕಾಲಿಕ ತಡೆ ಕೂರಿಸಲು ಸುಮಾರು ಒಂದು ವಾರ ಹಿಡಿಯಿತು. ನಾಟಿ ಮಾಡಿದ ರೈತನಿಗೆ ಆ ವಾರ ಮನೆಯೊಳಗಿನ ಯಾವ ದಾಸ್ತಾನೂ ಉತ್ತರವಾಗಿರಲಿಲ್ಲ.

ಹಾಗಾದರೆ ಇಂದಿನ ಸಭೆಯ ಕೈಯಲ್ಲಿ ಏನಿದೆ? ಬಯಲುಸೀಮೆಯ ಚರ್ಚುಗಳಲ್ಲಿ ಸುಗ್ಗಿ ಹಬ್ಬದ ಆರಾಧನೆ ಇನ್ನೂ ಜೀವಂತ. ಜೋಳ, ಭತ್ತ, ಕುಂಬಳ, ಕೋಳಿ, ಮೊಟ್ಟೆ ಎಲ್ಲವೂ ಪೀಠದ ಮುಂದೆ ಬರುತ್ತವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಒಂದು ಕುಂಬಳಕಾಯಿ ಸಂತೆಯ ಬೆಲೆಯ ಹತ್ತರಷ್ಟಕ್ಕೆ ಹೋಗುವುದೂ ಉಂಟು. ಬಂದ ಹಣ ಸಭೆಯ ಖರ್ಚಿಗೆ. ಕಾಳು ಕಾಸಾಗುವ ಈ ಘಟ್ಟದಲ್ಲಿ ಪ್ರಥಮ ಫಲಕ್ಕಿದ್ದ ಆಪತ್ಕಾಲದ ಅರ್ಥ ಕಳಚಿಹೋಗುತ್ತದೆ. ಹರಾಜಿಗೆ ಹೋಗುವ ಜೋಳದಲ್ಲಿ ಒಂದು ಪಾಲನ್ನು, ಅದರಲ್ಲೂ ಬಿತ್ತನೆಗೆ ಬರುವ ನಾಟಿ ಬೀಜವನ್ನು, ತೆಗೆದಿಟ್ಟು ಸಂಘದ ಹೆಣ್ಣುಮಕ್ಕಳ ಸುಪರ್ದಿಗೆ ಒಪ್ಪಿಸುವುದು ಅಸಾಧ್ಯವಲ್ಲ. ಬೀದರಿನ ಗಡಿಗೆ ಹೊಂದಿದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಪಾಳು ನೆಲದಲ್ಲಿ ಜೋಳ ಬೆಳೆದು, ಊರಲ್ಲೇ ಕೂಡಿಟ್ಟು, ಬಡಮನೆಗಳಿಗೆ ಅಗ್ಗವಾಗಿ ಕೊಡುವ ಪರ್ಯಾಯ ಪಡಿತರ ವ್ಯವಸ್ಥೆ ನಡೆಸಿ ತೋರಿಸಿದ್ದಾರೆ. ಅದು ಚರ್ಚಿನ ಕೆಲಸವಲ್ಲ. ಅಂತಿಯೋಕ್ಯದ ಸಭೆಯ ಕೆಲಸಕ್ಕೆ ಅದು ದೂರವೂ ಅಲ್ಲ.

7. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಒಂದು, ಯೋಸೇಫನ ಕಥೆಯನ್ನು ಸಿದ್ಧತೆಯ ಆದರ್ಶವೆಂದು ಬೋಧಿಸುವವರು 47ನೆಯ ಅಧ್ಯಾಯದ ಎಚ್ಚರಿಕೆಯನ್ನೂ ಬೋಧಿಸಬೇಕು. ಪುರೋಹಿತರ ಭೂಮಿಯಷ್ಟೇ ಉಳಿದ ಸಂಗತಿ ಆಸ್ತಿಯುಳ್ಳ ಚರ್ಚಿಗೆ ನೇರವಾಗಿ ತಾಗುವಂಥದ್ದು. ಎರಡು, ಕರ್ನಾಟಕದ ಮಿಷನ್ ಪ್ರಯೋಗಗಳಲ್ಲಿ ಜನರ ಕೈಗೆ ಒಡೆತನ ಬಾರದ ಕಡೆ ಕಸುಬೂ ಸಂಬಳವೂ ಸ್ವಾವಲಂಬನೆಯಾಗಿ ಮಾಗಲಿಲ್ಲ. ಮೂರು, ಒಂದೇ ಮನೆಯ ದಾಸ್ತಾನು ಕೆಲವು ವಾರಗಳನ್ನು ದಾಟಿಸಬಲ್ಲದು, ಬರವನ್ನಾಗಲಿ ನೆರೆಯನ್ನಾಗಲಿ ದಾಟಿಸದು.

ಸಭೆ ಇಂದು ಕಣಜ ಕಟ್ಟುವುದಾದರೆ ಅದರ ಕಟ್ಟಡಕ್ಕಿಂತ ಕರಾರು ಮೊದಲು ಬರೆಯಬೇಕು: ಕೊಟ್ಟದ್ದಕ್ಕೆ ಬಡ್ಡಿಯಿಲ್ಲ, ಜಾತಿ–ಮತ ಕೇಳುವಂತಿಲ್ಲ, ಬೀಗದ ಕೈ ಪಾದ್ರಿಯ ಬಳಿಯಾಗಲಿ ಹೊಲವುಳ್ಳವರ ಬಳಿಯಾಗಲಿ ಇರುವಂತಿಲ್ಲ. ಈ ಕರಾರಿಗೆ ಒಪ್ಪದ ಕಣಜ ಎಷ್ಟೇ ತುಂಬಿದ್ದರೂ ಫರೋಹನದೇ.