ಡಾಲ್ಫಿನ್, ಪದ್ಮಿನಿ ಮತ್ತು ನಮ್ಮೂರ 309

ಮೊನ್ನೆ ಧಾರವಾಡದಿಂದ ಸೋದರಳಿಯನ ಫೋನು. "ಮಾಮಾ, ಆಟೋಕ್ರಾಸಿಗೆ ಯಾವ ಗಾಡಿ ತೊಗೊಳ್ಳಲಿ? ಸ್ಟಾಕ್ ಕ್ಲಾಸು." ಐದು ವರ್ಷದ ಉಳಿತಾಯ ಹಾಕುತ್ತಿದ್ದಾನೆ ಪುಣ್ಯಾತ್ಮ!

ಆಟೋಕ್ರಾಸ್ ಅಂದ್ರೆ ಬರೀ ತಿರುವು, ಗಡಿಯಾರದ ಜೊತೆ ಜಗಳ. ಸ್ಟಾಕ್ ಕ್ಲಾಸಿನಲ್ಲಿ ಎಂಜಿನ್ ಕೆದಕುವ ಹಾಗಿಲ್ಲ. ಹಾಗಾಗಿ ಅರ್ಧ ಸ್ಪರ್ಧೆ ಗಾಡಿ ಕೊಳ್ಳುವಾಗಲೇ ಮುಗಿದಿರುತ್ತದೆ.

ಅವನಿಗೆ ಹಳೇ ಕಥೆ ಹೇಳಿದೆ. ಕುರ್ಲಾದ ಪದ್ಮಿನಿಗೆ 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮೈತುಂಬ ಉಕ್ಕು. 1982ರಲ್ಲಿ ಬೆಂಗಳೂರಿನ ಸಿಪಾನಿಯವರು ಡಾಲ್ಫಿನ್ ತಂದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ನಮ್ಮ ರೂಪ ಅದು: ಎರಡೇ ಬಾಗಿಲು, ಫೈಬರ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ರಸ್ತೆಯಲ್ಲಿ ನಕ್ಕವರೇ ಹೆಚ್ಚು. ರೇಸಿನವರಿಗೆ ಮಾತ್ರ ಆ ಹಗುರತನ ಹಿಡಿಸಿತು. 1983ರ ಕೊನೆಗೆ 796 ಸಿಸಿಯ ಮಾರುತಿ 800 ಬಂತು. ಅದೂ ಹಗುರ, ಮೇಲಾಗಿ ಬಿಡಿಭಾಗ ಊರೂರಲ್ಲೂ ಸಿಗತೊಡಗಿತು. ಡಾಲ್ಫಿನ್ ಬದಿಗೆ ಸರಿಯಿತು.

ನಮ್ಮ ಕಲ್ಯಾಣದ್ದೂ ಒಂದಿತ್ತು ನೋಡಿ! 1994ರಿಂದ ಇಲ್ಲಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಪ್ಯೂಜೊ 309 ತಯಾರಾಗುತ್ತಿತ್ತು. ಯುರೋಪಿನಲ್ಲಿ ಅದರ 1.9 ಲೀಟರಿನ ಜಿಟಿಐ ಹೆಸರುವಾಸಿ. ನಮಗೆ ಸಿಕ್ಕದ್ದು 1.4 ಪೆಟ್ರೋಲು, 1.5 ಡೀಸೆಲ್ಲು. ಕಾರ್ಮಿಕ ತಕರಾರುಗಳ ನಡುವೆ 1997ರಲ್ಲಿ ಫ್ರೆಂಚರು ಹೊರಟರು. ಆಮೇಲೆ ಬಿಡಿಭಾಗಕ್ಕೆ ಎಲ್ಲಿಗೆ ಹೋಗೋದು? ಒಳ್ಳೇ ಗಾಡಿ, ರೇಸಿಗೆ ಮಾತ್ರ ಬೇಡ.

"ಹಂಗಾದ್ರ ಹಾರ್ಸ್‌ಪವರ್ ನೋಡೂದು ಬ್ಯಾಡೇನು?" ಅಂದ. ಮೊದಲು ಕ್ಲಾಸಿನ ನಿಯಮ ಓದು, ಆಮೇಲೆ ತೂಕ, ಎರಡನೇ ಗೇರಿನ ಎಳೆತ, ಕೊನೆಗೆ ಹಾರ್ಸ್‌ಪವರ್ ಅಂದೆ. ಹುಬ್ಬಳ್ಳಿಯಲ್ಲಿ ಹಳೇ ಸ್ವಿಫ್ಟ್ ಒಂದಿದೆಯಂತೆ. ಭಾನುವಾರ ನೋಡಿ ಬರುತ್ತಾನೆ.