ತುಪ್ಪದ ಹನಿಯಿಂದ ಇಳಿದ ಬಿಳಲು

ವಿಕ್ರೋಳಿಯಿಂದ ಲೋಕಲ್ ಹಿಡಿದು ಪರೇಲಿನಲ್ಲಿ ಇಳಿಯುವ ನಮ್ಮಂಥ ಮುಂಬಯಿ ಕನ್ನಡಿಗರಿಗೆ ಹಾಫ್‌ಕಿನ್ ಸಂಸ್ಥೆ ಬಹುಮಟ್ಟಿಗೆ ಒಂದು ನಾಮಫಲಕ ಮಾತ್ರ. ಪ್ಲೇಗಿನ ಲಸಿಕೆ ಎಂದೊಡನೆ ನಾವು ಸೂಜಿಯನ್ನು ನೆನೆಯುತ್ತೇವೆ, ತುಪ್ಪವನ್ನು ಮರೆಯುತ್ತೇವೆ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿತು. ಅಕ್ಟೋಬರಿನಲ್ಲಿ ಬಂದ ವಾಲ್ಡೆಮಾರ್ ಹಾಫ್‌ಕಿನ್ ಅವರಿಗೆ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ ದೊರೆತವು. ಲಸಿಕೆಗೆ ರೋಗಾಣುಗಳು ರಾಶಿಗಟ್ಟಲೆ ಬೇಕಿದ್ದವು. ಮಾಂಸದ ಸಾರಿನಲ್ಲಿ ಬಿತ್ತಿದರೆ ಅವು ತಳ ಸೇರುತ್ತಿದ್ದವು. ಗಾಳಿ ತಾಗುವ ಮೇಲ್ಮೈಯಲ್ಲಿ ಅವಕ್ಕೊಂದು ಆಸರೆ ಬೇಕಿತ್ತು. ಹಾಫ್‌ಕಿನ್ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ಹನಿಯ ಅಡಿಗೆ ಅಂಟಿದ ಜೀವಕೋಶಗಳು ಇಬ್ಭಾಗವಾಗುತ್ತ, ಒಂದಕ್ಕೊಂದು ಜೋತುಬೀಳುತ್ತ, ಆಲದ ಬಿಳಲುಗಳಂತೆ ಸಾರಿನೊಳಕ್ಕೆ ಇಳಿದವು. ಕುಪ್ಪಿಯನ್ನು ತುಸು ಅಲುಗಿಸಿದರೆ ಸಾಕು, ಬಿಳಲು ಹಿಮದಂತೆ ಉದುರುತ್ತಿತ್ತು. ಅದೇ ಹನಿಯಿಂದ ಮತ್ತೆ ಹೊಸ ಬೆಳೆ. ಬೆಳೆದದ್ದು ಪ್ಲೇಗಿನ ಅಣುವೇ ಎಂಬುದಕ್ಕೆ ಆ ಆಕಾರವೇ ಗುರುತು. ವಾರಗಟ್ಟಲೆ ಬೆಳೆಸಿದ್ದನ್ನು 70 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟು ಕೊಂದು, 1897ರ ಜನವರಿ 10ರಂದು ಅವರು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಸಾರಿಗೆ ಮೇಕೆಯ ಮಾಂಸವನ್ನು ಆರಿಸಿಕೊಂಡದ್ದರಲ್ಲಿ ಈ ನಾಡಿನ ಮಡಿಮೈಲಿಗೆಗಳ ಅರಿವೂ ಇತ್ತು. ಮರುವರ್ಷ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಪಡೆದರು.

1899ರಲ್ಲಿ ಪ್ರಯೋಗಾಲಯ ಪರೇಲಿನ ಹಳೆಯ ಸರ್ಕಾರಿ ಭವನಕ್ಕೆ ಬಂತು. ಬೇಡಿಕೆ ಏರಿದಾಗ ಸಾರನ್ನು ಬಿಟ್ಟು ಅಗರ್ ಎಂಬ ಗಟ್ಟಿ ಹಾಸಿನ ಮೇಲೆ ರೋಗಾಣುಗಳನ್ನು ಹರಡಿ ಬೇಗ ಬೆಳೆಸುವ ಕ್ರಮ ಆರಂಭವಾಯಿತು. ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನೂ ಕೈಬಿಡಲಾಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ವಿಚಾರಣಾ ಆಯೋಗ ಪರೇಲಿನತ್ತ ಬೆರಳು ಮಾಡಿತು. ಹಾಫ್‌ಕಿನ್ ಹುದ್ದೆಯಿಂದ ದೂರವಾದರು.

ಇಲ್ಲಿಯೂ ಪ್ರಶ್ನೆ ಜೀವಕೋಶಗಳ ಹರಡುವಿಕೆಯದೇ. ಧನುರ್ವಾಯುವಿನ ಅಣು ಪರೇಲಿನಲ್ಲೇ ಬಾಟಲಿ ಹೊಕ್ಕಿದ್ದರೆ, ಹಳ್ಳಿ ತಲುಪುವಷ್ಟರಲ್ಲಿ ದ್ರವದ ತುಂಬ ಬೆಳೆದು ದುರ್ನಾತ ಬೀರಬೇಕಿತ್ತು. ಬಾಟಲಿ ತೆರೆದಾಗ ಯಾವ ವಾಸನೆಯೂ ಇರಲಿಲ್ಲ. ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದದ್ದು, ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಅದರಿಂದಲೇ ಬಿರಡೆ ತೆಗೆದದ್ದು ದಾಖಲೆಯಲ್ಲಿತ್ತು. ಆಡಳಿತದ ಕಡತಗಳ ನಡಿಗೆ ಬಲ್ಲ ನಮಗೆ ಆಶ್ಚರ್ಯವೇನಿಲ್ಲ: ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ಬರೆದು ಒತ್ತಾಯಿಸಿದ ಮೇಲೆ, 1907ರಲ್ಲಷ್ಟೇ ಹಾಫ್‌ಕಿನ್ ಆರೋಪಮುಕ್ತರಾದರು. ಪರೇಲಿನ ಸಂಸ್ಥೆಗೆ ಅವರ ಹೆಸರು ಬಂದದ್ದು 1925ರಲ್ಲಿ.