ಚಿತ್ರಮಂದಿರದಲ್ಲಿ ನಾಟಕ: ಎರಡು ಪ್ರಯೋಗಗಳು

ನಾಟಕವು ಆಡುತ್ತಿರುವಷ್ಟು ಹೊತ್ತು ಮಾತ್ರ ಇರುವ ಕಲೆ. ಅಂಥದನ್ನು ಊರೂರಿನ ಚಿತ್ರಮಂದಿರಗಳಿಗೆ ಕಳುಹಿಸಿದವರು ಪ್ರೇಕ್ಷಕನಿಗೆ ನಿಜವಾಗಿ ಕೊಟ್ಟದ್ದೇನು? ಈ ಚರ್ಚೆಯನ್ನು 2009ರ ಉಪಗ್ರಹ ಪ್ರಸಾರದಿಂದ ಆರಂಭಿಸುವುದು ರೂಢಿಯಾಗಿದೆ. 1964ರಿಂದ ಆರಂಭಿಸುವುದೇ ಉಚಿತವೆಂದು ನಮ್ಮ ಅಭಿಪ್ರಾಯ.

ಆ ವರ್ಷ ಜಾನ್ ಗೀಲ್ಗುಡ್ಡರು ನಿರ್ದೇಶಿಸಿದ ‘ಹ್ಯಾಮ್ಲೆಟ್’ ನ್ಯೂಯಾರ್ಕಿನಲ್ಲಿ ನಡೆಯುತ್ತಿತ್ತು. ನಾಯಕ ರಿಚರ್ಡ್ ಬರ್ಟನ್. ಪಾತ್ರಧಾರಿಗಳು ರಾಜೋಚಿತ ವೇಷಭೂಷಣಗಳನ್ನು ತೊರೆದು, ತಾಲೀಮಿನ ಉಡುಪಿನಲ್ಲಿಯೇ ರಂಗಕ್ಕೆ ಬರುತ್ತಿದ್ದರು. ಪ್ರೇತದ ನುಡಿ ಗೀಲ್ಗುಡ್ಡರದೇ ಧ್ವನಿ. ‘ಎಲೆಕ್ಟ್ರಾನೊವಿಷನ್’ ಎಂಬ ವಿಧಾನದಿಂದ, ಚಲಚ್ಚಿತ್ರಕ್ಕೆ ಬೇಕಾಗುವ ಪ್ರಖರ ದೀಪಗಳಿಲ್ಲದೆ, ತುಂಬಿದ ಸಭೆಯ ಮುಂದೆಯೇ ಇದನ್ನು ಚಿತ್ರಿಸಿಕೊಂಡು, ಸೆಪ್ಟೆಂಬರ್ 23 ಮತ್ತು 24ರಂದು ಅಮೆರಿಕದ ಸುಮಾರು 1,000 ಚಿತ್ರಮಂದಿರಗಳಲ್ಲಿ ತೋರಿಸಿದರು. ಒಟ್ಟು ನಾಲ್ಕೇ ಪ್ರದರ್ಶನಗಳು; ಬಳಿಕ ಪ್ರತಿಗಳನ್ನೆಲ್ಲ ನಾಶಪಡಿಸತಕ್ಕದ್ದೆಂದು ಕರಾರು. ಜನರು ಕಂಡದ್ದು ಮೊದಲೇ ಮುದ್ರಿತವಾದ, ತುಸು ಮಸುಕಾದ ಚಿತ್ರವೇ ಹೊರತು ಆ ಹೊತ್ತಿನ ಆಟವಲ್ಲ. ಆದುದರಿಂದಲೇ ರಂಗಭೂಮಿಗೆ ಸಹಜವಾದ ಕ್ಷಣಿಕತೆಯನ್ನು ಇಲ್ಲಿ ಕರಾರಿನ ಮೂಲಕ ಸಂಪಾದಿಸಬೇಕಾಯಿತು. ವ್ಯಾಪಾರದ ಜಾಣ್ಮೆಯೂ ಅದರಲ್ಲಿ ಇತ್ತೆನ್ನಿ!

2009ರ ಜೂನ್ 25ರಂದು ಲಂಡನ್ನಿನ ನ್ಯಾಷನಲ್ ಥಿಯೇಟರ್ ರಾಸೀನನ ‘ಫೆದ್ರ್’ ನಾಟಕವನ್ನು (1677), ಟೆಡ್ ಹ್ಯೂಸರ ಇಂಗ್ಲಿಷ್ ರೂಪದಲ್ಲಿ, ಉಪಗ್ರಹದ ಮೂಲಕ ಚಿತ್ರಮಂದಿರಗಳಿಗೆ ಪ್ರಸಾರ ಮಾಡಿದಾಗ ಅಂಥ ಕರಾರು ಬೇಕಾಗಲಿಲ್ಲ. ನಾಯಿಕೆಯಾದ ಹೆಲೆನ್ ಮಿರನ್ ಆ ರಾತ್ರಿ ಮಾತು ತಪ್ಪಿದ್ದರೆ ದೂರದ ಊರಿನವನೂ ಅದೇ ಕ್ಷಣದಲ್ಲಿ ಕಾಣುತ್ತಿದ್ದನು. ಪ್ರೇಕ್ಷಕನಿಗೆ ದೊರೆತದ್ದು ಈ ಏಕಕಾಲಿಕತೆ, ನಟಿಯ ಸಾನ್ನಿಧ್ಯವಲ್ಲ. ಅವನ ಚಪ್ಪಾಳೆ ಆಕೆಗೆ ಕೇಳಿಸುವಂತಿರಲಿಲ್ಲ. ಆದರೆ ಈ ಏಕಕಾಲಿಕತೆಯೂ ಬಹುಕಾಲ ನಿಲ್ಲಲಿಲ್ಲ. ಗಡಿಯಾರ ಬೇರೆಯಾದ ದೇಶಗಳಲ್ಲಿ ಮುದ್ರಿಕೆಯನ್ನು ತಡವಾಗಿ ತೋರಿಸಲಾಯಿತು, ಮರುಪ್ರದರ್ಶನಗಳು ಬಂದವು, 2020ರ ಏಪ್ರಿಲ್‌ನಲ್ಲಿ, ರಂಗಮಂದಿರಗಳು ಮುಚ್ಚಿದ್ದಾಗ, ಇಂಥ ಮುದ್ರಿಕೆಗಳು ಉಚಿತವಾಗಿ ಮನೆಮನೆಗೆ ಬಂದವು.

ಹೀಗೆ ಕ್ಷಣಿಕತೆಯ ವಚನ ಎರಡು ಸಲವೂ ಮುರಿದಿದೆ. ಪ್ರೇಕ್ಷಕನಿಗೆ ಇದು ನಷ್ಟವಿರಬಹುದು, ಇತಿಹಾಸಕಾರನಿಗೆ ಲಾಭವೇ ಸರಿ. ನಾಶವಾಗಬೇಕಿದ್ದ ‘ಹ್ಯಾಮ್ಲೆಟ್’ ಚಿತ್ರದ ಒಂದು ಪ್ರತಿ 1984ರಲ್ಲಿ ಬರ್ಟನ್ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ದೊರೆಯಿತು. ಪೊಲೋನಿಯಸ್ಸನ ಪಾತ್ರದಲ್ಲಿ ಹ್ಯೂಮ್ ಕ್ರೊನಿನ್ನರ ಅಭಿನಯವನ್ನು ಇಂದಿನ ವಿದ್ಯಾರ್ಥಿಯು ಹಳೆಯ ವಿಮರ್ಶೆಗಳನ್ನು ನಂಬಿ ಕೂರದೆ ಕಣ್ಣಾರೆ ಕಂಡು ಅಳೆಯಬಹುದು. 1964ರ ಸಭಿಕರ ನಗೆಯೂ ಅದರೊಡನೆ ಕೇಳಿಬರುತ್ತದೆ.